ಕ್ರೂಸ್ ಮನೆಯ ನೀಲಿ ಬುರುಜು

ವರ್ಜಿಲ್ ಸ್ಯಾಂಡ್ಸ್ ಎಂಬ ಬಣ್ಣದವನ ಮೇಲೆ ಗಾಲ್ವೆಸ್ಟನ್ನಿನವರಿಗೆಲ್ಲ ಅನುಮಾನವಿತ್ತು. ಕಾರಣ ಒಂದೇ. ಮನೆಯ ಹೊರಗೋಡೆಗೆ ಬಣ್ಣ ಬಳಿಯಲು ಬಂದವನು, ಒಳಗಿನ ಜಮಖಾನೆ ಎತ್ತಿ ಪಡಸಾಲೆಯ ನೆಲ ತೋರಿಸಿ ಎಂದು ಕೇಳುತ್ತಿದ್ದ. ಬಣ್ಣದವನಿಗೆ ಏಣಿ ಬೇಕು, ಕುಂಚ ಬೇಕು, ಮಧ್ಯಾಹ್ನ ಕೂರಲು ಒಂದಿಷ್ಟು ನೆರಳು ಬೇಕು. ಪಡಸಾಲೆಯ ನೆಲ ಕಟ್ಟಿಕೊಂಡು ಏನು ಮಾಡುತ್ತಾನೆ? ಕೇಳಿದರೆ ಹಲ್ಲು ಕಾಣದಂತೆ ನಕ್ಕು, ಹಳೆ ನೆಲ ನೋಡುವುದು ತನಗೊಂದು ಚಟ ಎನ್ನುತ್ತಿದ್ದ. ಕುಡಿತದ ಚಟ ಕೇಳಿದ್ದೇನೆ, ಇಸ್ಪೀಟಿನ ಚಟ ಕೇಳಿದ್ದೇನೆ. ಇದು ಯಾವ ಸೀಮೆಯ ಚಟ? ಷಾಟ್ ಅವರ ಮನೆಯಲ್ಲಿ ಬೆಳ್ಳಿಯ ಸಕ್ಕರೆ ಬಟ್ಟಲು ಕಾಣದಾದಾಗ ಪೊಲೀಸರು ಮೊದಲು ಕೆದಕಿದ್ದು ಅವನ ಬಣ್ಣದ ಡಬ್ಬಗಳನ್ನೇ. ಬಟ್ಟಲು ಆಮೇಲೆ ಷಾಟ್ ಮುದುಕಿಯ ಹಾಸಿಗೆಯಡಿ ಸಿಕ್ಕಿತು. ಆದರೂ ಅವನ ಮೇಲಿನ ಅನುಮಾನ ಹೋಗಲಿಲ್ಲ.

ನಮ್ಮ ಮನೆಯಲ್ಲಂತೂ ಅನುಮಾನಕ್ಕೆ ಹೊರಗಿನವರು ಬರಬೇಕಾಗಿರಲಿಲ್ಲ. ನನ್ನ ಗಂಡನ ಅಕ್ಕ ಹೆಡ್ವಿಗ್ ಕ್ರೂಸ್ ಒಬ್ಬಳೇ ಸಾಕಾಗಿದ್ದಳು. ಮದುವೆಯಾಗದ ಹೆಂಗಸು. ಬರುವ ಗಂಡುಗಳೆಲ್ಲ ಮನೆಯ ಮೇಲೆ ಕಣ್ಣಿಟ್ಟೇ ಬರುತ್ತಾರೆ ಎಂದು ನಂಬಿದವಳಿಗೆ ಮದುವೆ ಎಲ್ಲಿಂದ ಆಗಬೇಕು? ಅಂಚೆಯವನೊಡನೆ ಮಾತಾಡುವಾಗಲೂ ಸೊಳ್ಳೆ ಜಾಲರಿಯ ಬಾಗಿಲಿನ ಕೊಂಡಿ ತೆಗೆಯುತ್ತಿರಲಿಲ್ಲ. ಹಾಲಿನ ಸೀಸೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ ಇಡುತ್ತಿದ್ದಳು. ನಾನು ಲಿಯೋಟ, ಒಳನಾಡಿನ ಹತ್ತಿ ಸೀಮೆಯವಳು, ಅವಳ ತಮ್ಮನನ್ನು ಕಟ್ಟಿಕೊಂಡು ಈ ದ್ವೀಪಕ್ಕೆ ಬಂದವಳು. ಗಂಡ ತೀರಿಕೊಂಡ ಮೇಲೂ ಆ ಮನೆಯಲ್ಲೇ ಉಳಿದೆ. ಆ ಗುರುತು ಯಾರಿಗಾಗಿ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ.

ಆದರೆ ಮನೆ ಮಾತ್ರ ಮನೆಯೇ. ರಾಣಿ ವಿಕ್ಟೋರಿಯಾಳ ಕಾಲದ ಶೈಲಿ, ತಲೆಯಿಂದ ಕಾಲಿನವರೆಗೆ ಮರ. ನನ್ನ ಮಾವ ಹಡಗಿನ ಬಡಗಿ. ನಕ್ಷೆಯ ಪುಸ್ತಕವೊಂದನ್ನು ತರಿಸಿಕೊಂಡು ತಾನೇ ಕಟ್ಟಿದನಂತೆ. ಆ ಶೈಲಿಗೆ ನೇರ ಗೆರೆ ಎಂದರೆ ಆಗದು. ಒಂದು ಕಡೆ ಜಗಲಿ ಸುತ್ತಿಕೊಂಡು ಹೋಗುತ್ತದೆ, ಇನ್ನೊಂದು ಕಡೆ ಕಿಟಕಿ ಹೊಟ್ಟೆ ಮುಂದೆ ಮಾಡಿಕೊಂಡು ನಿಲ್ಲುತ್ತದೆ, ಎರಡು ಮಗ್ಗುಲು ಒಂದರಂತೆ ಒಂದು ಇರಲೇಬಾರದು. ಕಡೆದ ಕಂಬಗಳು, ಕಂಬಗಳ ನಡುವೆ ಮರದಲ್ಲೇ ಕೊರೆದ ಕಸೂತಿ, ಮಾಡಿನ ಕೆಳಗಿನ ಮುಕ್ಕೋನದ ಗೋಡೆಗೆ, ಅಂದರೆ ಮನೆಯ ಹಣೆಗೆ, ಮೀನಿನ ಹುರುಪೆಯ ಹಾಗೆ ಜೋಡಿಸಿದ ಮರದ ಬಿಲ್ಲೆಗಳು. ಪೂರ್ವದ ಮೂಲೆಯಲ್ಲಿ ದುಂಡನೆಯ ಬುರುಜು, ಅದಕ್ಕೊಂದು ಚೂಪು ಟೋಪಿ. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದದ್ದು ಆ ಬುರುಜನ್ನೇ. ಹೆಡ್ವಿಗ್ ಮಲಗುತ್ತಿದ್ದದ್ದೂ ಅದರಲ್ಲೇ. ಯಾರಾದರೂ ಬುರುಜನ್ನು ಹೊಗಳಿದರೆ ಮಾತ್ರ ಅವಳ ಮುಖ ಗಂಟಿಕ್ಕುತ್ತಿತ್ತು. ಹೊಗಳಿದವರು ಕೊಳ್ಳಲು ಬಂದವರಿರಬೇಕು ಎಂದು ಹೆದರುತ್ತಾಳೆ ಎಂದೇ ನಾನು ತಿಳಿದಿದ್ದೆ.

ಉಪ್ಪುಗಾಳಿಗೆ ಮರದ ಮನೆ ಬಹಳ ಕಾಲ ಬಣ್ಣ ಹಿಡಿದುಕೊಳ್ಳುವುದಿಲ್ಲ. ಊರಿನಲ್ಲಿ ಟ್ರಾಮ್ ಬಂಡಿಗಳು ನಿಂತುಹೋದ ವರ್ಷ ನಮ್ಮ ಗೋಡೆಗಳು ಹಾವಿನ ಪೊರೆಯಂತೆ ಸುಲಿಯತೊಡಗಿದವು. ಉಳಿದವರಿಗಿಂತ ಕಡಿಮೆ ಕೂಲಿಗೆ ಬರುತ್ತಾನೆಂದು ನಾನೇ ವರ್ಜಿಲ್‌ನನ್ನು ಕರೆಸಿದೆ. ಕಡಿಮೆ ಕೇಳಿದ ಎಂಬುದೇ ಹೆಡ್ವಿಗ್‌ಗೆ ಅವನ ಮೇಲಿನ ಮೊದಲ ತಕರಾರು. ಎರಡನೆಯದು, ಊರಿನವರೆಲ್ಲ ಹೇಳುತ್ತಿದ್ದ ನೆಲದ ಕಥೆ.

ಉದ್ದನೆಯ, ಒಣಕಲು ಮನುಷ್ಯ. ವಯಸ್ಸು ನಲವತ್ತರ ಹತ್ತಿರ. ಯಾರೂ ಇಲ್ಲದ ಅನಾಥ, ದ್ವೀಪದಾಚೆ, ಟೆಕ್ಸಸ್ಸಿನ ಒಳನೆಲದ ಯಾವುದೋ ಮಕ್ಕಳ ಆಶ್ರಮದಲ್ಲಿ ಬೆಳೆದವನು ಎಂದಷ್ಟೇ ಊರಿಗೆ ಗೊತ್ತು. ಕೆಲಸದಲ್ಲಿ ಕೊಂಕು ಹುಡುಕುವ ಹಾಗಿರಲಿಲ್ಲ. ಕಸೂತಿಯ ಒಂದೊಂದು ಸಂದಿಗೂ ಸಣ್ಣ ಕುಂಚ ತೂರಿಸಿ ಬಳಿಯುತ್ತಿದ್ದ. ನಾನು ಜಗಲಿಗೆ ಸೀಗಡಿ ಹಾಕಿದ ಗಂಬೊ ಸಾರು ತಂದುಕೊಟ್ಟರೆ ಬಟ್ಟಲು ತೊಳೆದೇ ಹಿಂದಿರುಗಿಸುತ್ತಿದ್ದ. ನಾಲ್ಕು ದಿನ ಬಾಯಿ ಬಿಡದಿದ್ದವನು ಐದನೆಯ ದಿನ ಕೇಳಿಯೇಬಿಟ್ಟ.

"ಅಮ್ಮಾ, ತಪ್ಪು ತಿಳ್ಕೋಬೇಡಿ. ಪಡಸಾಲೆ ಜಮಖಾನೆ ಒಂದು ಮೂಲೆ ಎತ್ತಿದ್ರೆ ನೋಡ್ಕೊಂಡು ಹೋಗಿಬಿಡ್ತೀನಿ."

ಒಳಗಿನಿಂದ ಹೆಡ್ವಿಗ್ ಕೇಳಿಸಿಕೊಂಡಳು. ಅವಳು ಬೈಯುತ್ತಾಳೆಂದು ನಾನು ಕಾದೆ. ಬೈಯಲಿಲ್ಲ. ಮರುದಿನ ನಾನು ಮಾರುಕಟ್ಟೆಯಿಂದ ಬರುವ ಹೊತ್ತಿಗೆ ಪಕ್ಕದ ಮನೆಯ ಇಬ್ಬರು ಗಂಡಸರನ್ನು ಕರೆಸಿ, ಗೋಡೆಗೆ ಒರಗಿದ್ದ ಪಿಯಾನೊವನ್ನು ಜಮಖಾನೆಯ ಮಧ್ಯಕ್ಕೆ ತಳ್ಳಿಸಿದ್ದಳು. ಅಲ್ಲಿಂದಾಚೆಗೆ ಪಡಸಾಲೆಯಲ್ಲಿ ಪಿಯಾನೊ ಸುತ್ತಿಕೊಂಡು ಓಡಾಡಬೇಕಾಯಿತು. ಏಕೆ ಎಂದು ಕೇಳಿದರೆ ಅಲ್ಲಿ ಬೆಳಕು ಚೆನ್ನಾಗಿದೆ ಎಂದಳು. ಆ ಪಿಯಾನೊ ನುಡಿಸುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಅಂದಿನಿಂದ ನನಗೆ ಅನುಮಾನ ಎರಡಾಯಿತು. ಅವನು ಏನು ಹುಡುಕುತ್ತಿದ್ದಾನೆ ಎಂಬುದು ಒಂದು, ಅವಳು ಏನು ಮುಚ್ಚಿಡುತ್ತಿದ್ದಾಳೆ ಎಂಬುದು ಇನ್ನೊಂದು. ಮಾವ ಮುದುಕ ನೆಲದಡಿ ಚಿನ್ನ ಹೂತಿಟ್ಟಿದ್ದಾನೆಯೇ? ಇದ್ದರೆ ಅದರಲ್ಲಿ ನನ್ನ ಗಂಡನ ಪಾಲೂ ಇರಬೇಕಲ್ಲ? ಅಥವಾ ಚಿನ್ನಕ್ಕಿಂತ ಕೆಟ್ಟದ್ದೇನಾದರೂ ಇದೆಯೇ? ಸಾವಿರದ ಒಂಬೈನೂರರ ಬಿರುಗಾಳಿಗೆ ಸಮುದ್ರ ಊರೊಳಗೆ ನುಗ್ಗಿ ಸಾವಿರಾರು ಜನ ಸತ್ತು, ಹೆಣಗಳು ಎಷ್ಟೋ ವರ್ಷ ಸಿಗುತ್ತಲೇ ಇದ್ದ ಊರು ಇದು. ಕೂತಲ್ಲಿ ನಿಂತಲ್ಲಿ ಪಿಯಾನೊದ ಕಾಲುಗಳ ಮೇಲೆಯೇ ನನ್ನ ಕಣ್ಣು.

ವರ್ಜಿಲ್ ಮನೆಯ ಹಣೆಗೆ ಏಣಿ ಹಾಕಿದ್ದು ಅದರ ಮುಂದಿನ ವಾರ. ಹಳೆ ಬಣ್ಣ ಕೆರೆಯುವಾಗ ಒಂದು ಬಿಲ್ಲೆ ಕಿತ್ತು ಕೆಳಗೆ, ನನ್ನ ಕಣಗಿಲೆ ಗಿಡದ ಬುಡಕ್ಕೆ ಬಿತ್ತು. ಎತ್ತಿಕೊಡಲು ಹೋಗಿ ಮೇಲೆ ನೋಡಿದೆ. ಬಿಲ್ಲೆ ಬಿದ್ದ ಜಾಗದಲ್ಲಿ ಹಳದಿ ಕಾಣಿಸಿತು. ವರ್ಜಿಲ್ ಕೆರೆಯುವುದು ನಿಲ್ಲಿಸಿದ್ದ. ನಿಧಾನವಾಗಿ ಪಕ್ಕದ ಬಿಲ್ಲೆಯನ್ನು ಬೆರಳಿನಿಂದ ಎತ್ತಿದ, ಮತ್ತೊಂದನ್ನು ಎತ್ತಿದ. ಮರದಲ್ಲಿ ಕೆತ್ತಿದ ಕಿರಣಗಳು. ಬಿಲ್ಲೆಗಳ ಹಿಂದೆ ಅರ್ಧ ಸೂರ್ಯನೊಬ್ಬ ಕುಳಿತಿದ್ದ. ಆ ಕಾಲದ ಎಷ್ಟೋ ಮನೆಗಳ ಹಣೆಯ ಮೇಲೆ ಇಂಥ ಸೂರ್ಯ ಇದ್ದಾನೆ. ಆದರೆ ನಮ್ಮ ಮನೆಗೂ ಒಬ್ಬ ಇದ್ದಾನೆಂದು, ಇಷ್ಟು ವರ್ಷ ಅಲ್ಲೇ ಬಾಳಿಯೂ ನನಗೆ ತಿಳಿದಿರಲಿಲ್ಲ. ಅಷ್ಟು ಚೆಂದದ ಕೆತ್ತನೆಯನ್ನು ಯಾರಾದರೂ ಮುಚ್ಚುತ್ತಾರೆಯೇ?

ಹೆಡ್ವಿಗ್ ಜಗಲಿಗೆ ಬಂದು ಮೇಲೆ ನೋಡಿದಳು. ಕೆಲಸ ಸಾಕು, ಏಣಿ ಇಳಿಸಿಕೊಂಡು ಹೊರಡು, ಆದಷ್ಟಕ್ಕೆ ಕೂಲಿ ಕೊಡುತ್ತೇನೆ ಎಂದಳು. ಅವನು ಇಳಿದ. ಆದರೆ ಏಣಿಯನ್ನು ತೆಗೆದುಕೊಂಡು ಹೋಗಲಿಲ್ಲ, ಹಿತ್ತಲ ಬೇಲಿಗೆ ಒರಗಿಸಿಟ್ಟು ಹೋದ. ಅದನ್ನು ಕಂಡು ಹೆಡ್ವಿಗ್ ಆ ದಿನವೆಲ್ಲ ಕಿಟಕಿ ಬಿಟ್ಟು ಕದಲಲಿಲ್ಲ.

ನನಗೆ ಸಹನೆ ಕಡಿಮೆ. ಅಮ್ಮ ಹೇಳುತ್ತಿದ್ದಳು, ಲಿಯೋಟ ಪಾಯಸ ಬೇಯುವ ಮೊದಲೇ ಮುಚ್ಚಳ ತೆಗೆಯುವವಳು ಎಂದು. ಭಾನುವಾರ ಹೆಡ್ವಿಗ್ ಚರ್ಚಿಗೆ ಹೊರಟಾಗ ತಲೆನೋವೆಂದು ಉಳಿದೆ. ಪಿಯಾನೊ ಒಬ್ಬಳಿಂದ ಅಲ್ಲಾಡುವುದಿಲ್ಲ. ಬೇಲಿಯಾಚೆಯ ಓಣಿಯಲ್ಲಿ ಏಣಿಯ ನೆಪ ಮಾಡಿಕೊಂಡು ವರ್ಜಿಲ್ ನಿಂತಿದ್ದ. ಕಳ್ಳನೇ ಆಗಿದ್ದರೆ ಅವನ ಎದುರಿಗೇ ನೆಲ ತೆರೆದು ನೋಡೋಣ ಎಂದುಕೊಂಡು ಒಳಗೆ ಕರೆದೆ. ಕೈಗೆಟಕುವಂತೆ ಒಲೆಯ ಕಬ್ಬಿಣದ ಸಲಾಕೆಯನ್ನೂ ಇಟ್ಟುಕೊಂಡೆ.

ಇಬ್ಬರೂ ಸೇರಿ ಪಿಯಾನೊ ತಳ್ಳಿದೆವು. ಜಮಖಾನೆ ಸುತ್ತಿದೆವು. ನೆಲದ ನಡುವೆ, ಉದ್ದುದ್ದ ಹಲಗೆಗಳ ಮಧ್ಯೆ, ಒಂದು ತೇಪೆ. ಅದರ ಅಂಚಿನ ಹಲಗೆಗಳ ಮೇಲೆ ಕೊಡಲಿಯ ಏಟಿನ ಗಾಯಗಳು ಹಾಗೆಯೇ ಇದ್ದವು. ವರ್ಜಿಲ್ ಮಂಡಿಯೂರಿ ಆ ಗಾಯಗಳನ್ನು ಮುಟ್ಟಿದ. ಎತ್ತಿ ಒಳಗೆ ನೋಡಲು ಹೋಗಲಿಲ್ಲ. ನೆಲದ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನೆ ಕುಳಿತ. ಚಿನ್ನ ಹುಡುಕುವವನು ಹಾಗೆ ಕೂರುವುದಿಲ್ಲ. ನಾನು ಸಲಾಕೆ ಕೆಳಗಿಟ್ಟೆ.

ನಾನು ಅವನನ್ನು ಏನಾದರೂ ಕೇಳುವ ಮೊದಲೇ ಬಾಗಿಲಲ್ಲಿ ಹೆಡ್ವಿಗ್ ನಿಂತಿದ್ದಳು. ನನ್ನ ತಲೆನೋವಿನ ಮೇಲೂ ಅವಳಿಗೆ ಅನುಮಾನ ಬಂದು, ಪ್ರವಚನದ ಮಧ್ಯದಲ್ಲೇ ಎದ್ದು ಬಂದಿದ್ದಳು. ತಲೆಯ ಮೇಲಿನ ಟೋಪಿ ತೆಗೆದಿರಲಿಲ್ಲ.

"ನೀನು ಏನೇ ತಿಪ್ಪರಲಾಗ ಹಾಕು, ಬುರುಜು ಮಾತ್ರ ಬಿಟ್ಟುಕೊಡಲ್ಲ," ಅಂದಳು.

ವರ್ಜಿಲ್ ಮಂಡಿಯೂರಿದಲ್ಲಿಂದಲೇ ತಲೆಯೆತ್ತಿದ. "ಯಾವ ಬುರುಜಮ್ಮಾ? ನಾನೆಲ್ಲಿ ಬುರುಜು ಕೇಳ್ದೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇಲ್ಲಿ ಯಾರೂ ಕಳ್ಳ ಎಂದೂ ಅಂದಿರಲಿಲ್ಲ. ತಾನು ಆಡಿದ್ದೇನು ಎಂದು ಹೆಡ್ವಿಗ್‌ಗೆ ತಡವಾಗಿ ಹೊಳೆಯಿತು. ಕುರ್ಚಿಯೊಂದನ್ನು ಎಳೆದುಕೊಂಡು ಕುಳಿತುಬಿಟ್ಟಳು.

ವರ್ಜಿಲ್ ತನ್ನ ಕಥೆ ಹೇಳಿದ. ಸಾವಿರದ ಒಂಬೈನೂರರ ಬಿರುಗಾಳಿ ಕಳೆದು ಕೆಲವು ವಾರಕ್ಕೆ ಯಾರೋ ಒಬ್ಬ ಗಂಡಸು ಅವನನ್ನು ಆಶ್ರಮಕ್ಕೆ ತಂದು ಬಿಟ್ಟನಂತೆ. ಆಗಿನ್ನೂ ಅಂಬೆಗಾಲಿಡುವ ಕೂಸು. ಹೆಸರು ಕೇಳಿದರೆ ತಿಳಿಯದು ಎಂದನಂತೆ. ಸ್ಯಾಂಡ್ಸ್ ಎಂದರೆ ಮರಳು. ದ್ವೀಪದ ಮರಳಿನಿಂದ ಬಂದ ಮಗುವೆಂದು ಆಶ್ರಮದವರೇ ಹಾಗೆ ಕರೆದರು. ಹೊರಡುವಾಗ ಆ ಗಂಡಸು ಒಂದು ಮಾತು ಮಾತ್ರ ಬಿಟ್ಟುಹೋಗಿದ್ದ: ಈ ಮಗುವನ್ನು ಕಿಟಕಿಯಿಂದ ಒಳಗೆ ತೆಗೆದುಕೊಂಡ ಮನೆಯ ಹಣೆಯ ಮೇಲೆ ಸೂರ್ಯನಿದ್ದಾನೆ, ಪಡಸಾಲೆಯ ನೆಲ ಕೊಡಲಿಯಿಂದ ಒಡೆದಿದೆ. ದೊಡ್ಡವನಾದ ಮೇಲೆ ಆಶ್ರಮದ ಮುದುಕಿ ಅದನ್ನು ಅವನಿಗೆ ಹೇಳಿದಳು. ಮನೆಗಳ ಒಳಗೆ ಹೋಗಲು ದಾರಿಯಾಗಲೆಂದೇ ಅವನು ಬಣ್ಣದ ಕೆಲಸ ಕಲಿತ.

"ಸೂರ್ಯ ಇರೋ ಮನೆಗಳನ್ನೆಲ್ಲಾ ನೋಡ್ದೆ," ಅಂದ. "ಎಲ್ಲಾ ಪಡಸಾಲೇಲೂ ತೇಪೆ. ಆವತ್ತು ಎಲ್ಲಾ ಅಪ್ಪಂದ್ರೂ ಕೊಡಲಿ ಎತ್ತಿದ್ರು."

ಅದು ಈ ಊರಿನವರಿಗೆ ಹೇಳಿಕೊಡಬೇಕಾದ ಮಾತಲ್ಲ. ನೀರು ಏರುವಾಗ ಬಾಗಿಲು ಭದ್ರ ಮಾಡಿ ಕೂತವರ ಮರದ ಮನೆ ದೋಣಿಯಾಗಿ ತೇಲಿಹೋಗುತ್ತದೆ. ನೆಲ ಒಡೆದು ನೀರನ್ನು ಒಳಗೆ ಕರೆದುಕೊಂಡವರ ಮನೆ ನಿಲ್ಲುತ್ತದೆ. ನಿಂತ ಮನೆಗಳೆಲ್ಲ ಹೀಗೆ ಗಾಯ ಮಾಡಿಕೊಂಡೇ ನಿಂತವು. ಹಾಗಾಗಿ ಪಾಪ, ಅವನ ಕೈಯಲ್ಲಿದ್ದ ಗುರುತು ಗುರುತೇ ಅಲ್ಲ. ನಮ್ಮ ಮನೆಗಂತೂ ಸೂರ್ಯನೇ ಇಲ್ಲವೆಂದು ಅವನು ಇತ್ತ ತಿರುಗಿಯೂ ನೋಡಿರಲಿಲ್ಲ. ನಾನು ಕೂಲಿ ಉಳಿಸಲು ಕರೆಯದಿದ್ದರೆ ಬರುತ್ತಲೂ ಇರಲಿಲ್ಲ.

"ನಂಗೆ ಏನೂ ಬೇಡಮ್ಮಾ," ಅಂದ. "ನಮ್ಮಮ್ಮ ನನ್ನ ಏನಂತ ಕರೀತಿದ್ಲು? ಅದೊಂದು ಹೇಳಿ."

ಹೆಡ್ವಿಗ್ ಬಹಳ ಹೊತ್ತು ತನ್ನ ಕೈಚೀಲದ ಬಾಯಿ ತೆರೆಯುವುದು ಮುಚ್ಚುವುದು ಮಾಡುತ್ತಿದ್ದಳು. ಆಮೇಲೆ ಹೇಳಿದಳು. ಪೂರ್ವದ ಮಗ್ಗುಲಲ್ಲಿ ಚಿಪ್ಪು ಹಿಡಿಯುವ ದೋಣಿಯವರದೊಂದು ಪುಟ್ಟ ಮನೆಯಿತ್ತು. ಆ ಮಧ್ಯಾಹ್ನ ಎದೆಮಟ್ಟದ ನೀರಿನಲ್ಲಿ ಬಂದ ತಾಯಿ ಮಗುವನ್ನು ಕಿಟಕಿಯಿಂದ ಹೆಡ್ವಿಗ್‌ಳ ಕೈಗೆ ಕೊಟ್ಟು, ಅತ್ತೆಯನ್ನು ಕರೆತರಲು ಹಿಂದಿರುಗಿದಳು. ಮತ್ತೆ ಬರಲಿಲ್ಲ. ಮನೆಯೂ ಉಳಿಯಲಿಲ್ಲ, ಆ ಮನೆಯವರು ಯಾರೂ ಉಳಿಯಲಿಲ್ಲ. ಕೆಲವು ವಾರಗಳ ನಂತರ ಹೆಡ್ವಿಗ್‌ಳ ಅಪ್ಪ ಮಗುವನ್ನು ದ್ವೀಪ ದಾಟಿಸಿ ಆಶ್ರಮಕ್ಕೆ ಬಿಟ್ಟುಬಂದ. ಬಂದವನೇ ಹಣೆಯ ಸೂರ್ಯನಿಗೆ ಬಿಲ್ಲೆ ಹೊಡೆದು ಮುಚ್ಚಿದ. ಅದಾಗಿ ಕೆಲವೇ ವರ್ಷಗಳಲ್ಲಿ ಪೂರ್ವದ ಮಗ್ಗುಲಿನ ಆ ಖಾಲಿ ಜಾಗವನ್ನೂ ಸೇರಿಸಿ ಬೇಲಿ ಎಳೆದು, ಅಲ್ಲಿ ಬುರುಜು ಕಟ್ಟಿದ. ಆಗ ಹದಿನೈದರ ಹುಡುಗಿಯಾಗಿದ್ದ ಹೆಡ್ವಿಗ್‌ಗೆ, ಬಾಯಿ ಬಿಟ್ಟರೆ ಮನೆ ಹೋಗುತ್ತದೆ ಎಂದು ಹೇಳಿದ್ದ.

ಕೇಳಿ ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಹಾಲಿನ ಸೀಸೆಗೆ ಗುರುತು ಹಾಕಿದವಳು ಇವಳು!

"ಲೂಕ," ಅಂದಳು ಹೆಡ್ವಿಗ್. "ನಿಮ್ಮಮ್ಮ ನಿನ್ನ ಲೂಕ ಅಂತಿದ್ಲು."

ಅವನು ಆ ಹೆಸರನ್ನು ಬಾಯೊಳಗೇ ಒಂದೆರಡು ಸಲ ಹೇಳಿಕೊಂಡ. ಸಂತೋಷ ಪಡುತ್ತಾನೆಂದುಕೊಂಡೆ. ಬದಲಿಗೆ ಅವನ ಕಣ್ಣು ಸಣ್ಣದಾಯಿತು. ಜೀವಮಾನವಿಡೀ ಬೇರೆಯವರ ಅನುಮಾನ ಹೊತ್ತವನು ಮೊದಲ ಸಲ ತಾನೇ ಒಬ್ಬರನ್ನು ಅನುಮಾನಿಸಿದ್ದನ್ನು ನಾನು ಕಂಡೆ.

"ಯಾರ ಮಗ ಲೂಕ?" ಎಂದು ಕೇಳಿದ. ಅವಳು ಮತ್ತೆ ಕೈಚೀಲದ ಬಾಯಿ ಮುಚ್ಚಿದಳು. "ಬಾಯಿಗೆ ಬಂದ ಹೆಸರೊಂದು ಬಿಸಾಕಿ ನನ್ನ ಸಾಗಹಾಕ್ತಾ ಇದ್ದೀರೇನೋ. ಮೂವತ್ತೆಂಟು ವರ್ಷ ಮುಚ್ಚಿಟ್ಟೋರ ಮಾತು ನಾನ್ಯಾಕೆ ನಂಬ್ಲಿ?"

ಅವಳು ಏಕೆ ತಡೆಯುತ್ತಿದ್ದಾಳೆಂದು ನನಗೆ ಆಗ ಅರ್ಥವಾಯಿತು. ಲೂಕ ಎಂಬ ಹೆಸರು ಪುಕ್ಕಟೆ. ಮನೆತನದ ಹೆಸರು ಹಾಗಲ್ಲ, ಅದರ ಬೆನ್ನಿಗೆ ನೆಲ ಬರುತ್ತದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕೊಡುವ ಹಾಗಿಲ್ಲ. ಹೇಳಿಬಿಡು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಎದ್ದು ನಿಂತಳು.

"ಬಾರಿಚ್. ನೀನು ಲೂಕ ಬಾರಿಚ್. ಹೋಗು, ಕೋರ್ಟಿನ ಕಚೇರೀಲಿ ಆ ಹೆಸರು ಹೇಳು. ಬುರುಜು ಯಾರ ಜಾಗದಲ್ಲಿ ನಿಂತಿದೆ ಅಂತ ಅವರೇ ಹೇಳ್ತಾರೆ. ಸುಳ್ಳು ಹೇಳೋಳಾಗಿದ್ರೆ ನಂಗೆ ಬೇರೆ ಹೆಸರು ಸಿಗ್ತಿರಲಿಲ್ವಾ?"

ಅವನು ಟೋಪಿ ಹಾಕಿಕೊಂಡು ಹೊರಗೆ ನಡೆದ.

ಆಮೇಲೆ ಕೆಲವು ದಿನ ಅವನ ಸುಳಿವಿಲ್ಲ. ಏಣಿ ಬೇಲಿಗೆ ಒರಗಿಕೊಂಡೇ ಇತ್ತು. ಮನೆಯ ಮೂರು ಮಗ್ಗುಲು ಕೆನೆಬಣ್ಣದಲ್ಲಿ ಹೊಳೆಯುತ್ತಿದ್ದವು, ಬುರುಜು ಮಾತ್ರ ಸುಲಿದ ಮೈಯಲ್ಲಿ ನಿಂತಿತ್ತು. ವಕೀಲನ ಹತ್ತಿರ ಹೋಗಿದ್ದಾನೆ ಎಂದು ಹೆಡ್ವಿಗ್ ಅಂದಳು. ನನಗೂ ಹಾಗೇ ಅನ್ನಿಸಿತು, ಅವಳಿಗೆ ಹೇಳಲಿಲ್ಲ. ಇಷ್ಟು ವರ್ಷದ ಮೇಲೆ ಕೋರ್ಟು ಏನನ್ನುತ್ತಿತ್ತೋ ಯಾರಿಗೆ ಗೊತ್ತು? ಅವಳು ಬುರುಜಿನ ಕೋಣೆಯಿಂದ ತನ್ನ ಬಟ್ಟೆಬರೆಗಳನ್ನು ಒಂದೊಂದೇ ಹಿಂದಿನ ಕೋಣೆಗೆ ತಂದು ಜೋಡಿಸತೊಡಗಿದಳು. ಹಾಲಿನ ಸೀಸೆಗೆ ಗುರುತು ಹಾಕುವುದನ್ನು ಮರೆತಳು. ನೋಡಿ ನನಗೆ ಕನಿಕರ ಬಂತು. ಬರಬಾರದಿತ್ತು, ಬಂತು.

ಒಂದು ಮಧ್ಯಾಹ್ನ ಅವನು ಬಂದ. ಜೊತೆಯಲ್ಲಿ ಯಾರೂ ಇರಲಿಲ್ಲ. ಮೈಯಿಂದ ಮೀನಿನ ವಾಸನೆ ಬರುತ್ತಿತ್ತು. ಹೆಡ್ವಿಗ್ ಜಾಲರಿಯ ಬಾಗಿಲಿನ ಹಿಂದಿನಿಂದಲೇ, ವಕೀಲ ಏನಂದ ಎಂದು ಕೇಳಿದಳು. ತಾನು ಹೋಗಿದ್ದು ದೋಣಿಕಟ್ಟೆಗೆ ಎಂದ ಅವನು. ಅಲ್ಲೊಬ್ಬ ಹಣ್ಣು ಮುದುಕನಿಗೆ ಬಾರಿಚ್ ದೋಣಿಯ ನೆನಪಿತ್ತಂತೆ. ಬಾರಿಚ್‌ನ ಹೆಂಡತಿ ಗಟ್ಟಿ ಗಂಟಲಿನವಳು, ಕಟ್ಟೆಯವರೆಗೂ ಕೇಳುವ ಹಾಗೆ ಮಗುವನ್ನು ಲೂಕ ಲೂಕ ಎಂದು ಆಡಿಸುತ್ತಿದ್ದಳು ಎಂದನಂತೆ ಮುದುಕ.

"ಬುರುಜು ಬಾಕಿ ಇದೆಯಲ್ಲಾ," ಅಂದ. "ನಮ್ಮಮ್ಮನ ಮನೆ ಯಾವ ಬಣ್ಣ ಇತ್ತು?"

ಹೆಡ್ವಿಗ್ ಕೊಂಡಿ ತೆಗೆದಳು. ನಾನು ಆ ಮನೆಗೆ ಬಂದಂದಿನಿಂದ ಯಾರೂ ಕೇಳದೆ ಅವಳಾಗಿಯೇ ಕೊಂಡಿ ತೆಗೆದದ್ದು ಅದೇ ಮೊದಲು. ಅವನನ್ನು ಪಡಸಾಲೆಗೆ ಕರೆದೊಯ್ದು, ನೆಲದ ತೇಪೆಯನ್ನು ತೋರಿಸಿ, ಉಳಿ ಹಾಕಿ ಎಬ್ಬಿಸು ಎಂದಳು. ತೇಪೆ ಕಿರುಗುಟ್ಟಿಕೊಂಡು ಎದ್ದಿತು. ಮಗುಚಿದರೆ ಕೆಳಮಗ್ಗುಲು ನೀಲಿ. ಬಿಸಿಲು ಕಾಣದೆ ಉಳಿದ, ನಿನ್ನೆ ಬಳಿದ ಹಾಗಿದ್ದ ನೀಲಿ.

"ನಿಮ್ಮನೆ ಬಾಗ್ಲು," ಅಂದಳು. "ನೀರು ಇಳಿದ ಮೇಲೆ ಅದೊಂದೇ ಸಿಕ್ಕಿದ್ದು. ಅಪ್ಪ ಕೊಯ್ದು ಇಲ್ಲಿಗೆ ಹೊಡೆದ."

ಅವನು ಆ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ. ಊರಿನ ಪಡಸಾಲೆಗಳಲ್ಲೆಲ್ಲ ಹುಡುಕಿದ ನೆಲಕ್ಕೆ ಅವನ ತಾಯಿಯ ಬಾಗಿಲನ್ನೇ ತೇಪೆ ಹಾಕಿದ್ದರು. ನಾನೂ ಅತ್ತೆ. ಹೆಡ್ವಿಗ್ ಅಳಲಿಲ್ಲ. ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಟ್ಟಳು.

ಲೂಕ ಆ ಹಲಗೆ ಎದುರಿಗಿಟ್ಟುಕೊಂಡು ಬಣ್ಣ ಕಲಸಿದ. ಬುರುಜಿಗೆ ಆ ನೀಲಿ ಬಳಿದ, ಹಣೆಯ ಬಿಲ್ಲೆ ಕಿತ್ತು ಸೂರ್ಯನಿಗೆ ಹಳದಿ ಹಚ್ಚಿದ, ನೆಲಕ್ಕೆ ಹೊಸ ಹಲಗೆ ಹಾಕಿದ. ಬಾಗಿಲಿನ ತುಂಡನ್ನು ಕಂಕುಳಲ್ಲಿಟ್ಟುಕೊಂಡು ಹೋದ. ಮೂರು ಮಗ್ಗುಲಿನ ಕೂಲಿ ಎಣಿಸಿಕೊಂಡ, ಬುರುಜಿನದ್ದು ಮುಟ್ಟಲಿಲ್ಲ. ನನ್ನ ಮನೆಗೆ ನಾನೇ ಬಳಿದರೆ ಕೂಲಿ ಯಾರು ಕೊಡುತ್ತಾರೆ ಎಂದ. ಕೋರ್ಟಿಗೆ ಅವನು ಹೋಗಲಿಲ್ಲ, ಹೋಗುವುದಿಲ್ಲ ಎಂದೂ ಹೇಳಲಿಲ್ಲ. ಬಣ್ಣ ಮಾಸಿದಾಗಲೆಲ್ಲ ಏಣಿ ಹೊತ್ತು ಬರುತ್ತಿದ್ದ. ಹೆಡ್ವಿಗ್ ಕಿಟಕಿಯಿಂದ ನೋಡಿ, ಬಂದ ನೋಡು ಆಸ್ತಿ ವಿಚಾರಿಸಿಕೊಳ್ಳಲು ಎಂದು ಗೊಣಗುತ್ತಿದ್ದಳು. ಸಾಯುವವರೆಗೂ ಅವನ ಮೇಲಿನ ಅನುಮಾನ ಬಿಡಲಿಲ್ಲ. ಆದರೆ ಬುರುಜಿನಲ್ಲಿ ಮತ್ತೆ ಮಲಗಲೂ ಇಲ್ಲ.

ಈಗ ಇಬ್ಬರೂ ಇಲ್ಲ. ಲೂಕನ ಗೋರಿಗೆ ಬಾರಿಚ್ ಎಂದೇ ಕೆತ್ತಿಸಿದ್ದೇನೆ. ಬೀದಿಯಲ್ಲಿ ನಿಂತು ಫೋಟೋ ತೆಗೆಯುವವರು, ಆ ಕಾಲದ ಶೈಲಿಯಲ್ಲಿ ಒಂದೇ ಮನೆಗೆ ಹಲವು ಬಣ್ಣ ಹಚ್ಚುವುದು ರೂಢಿ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಇರಬಹುದು. ಮೊನ್ನೆ ಬಣ್ಣಕ್ಕೆ ಬಂದ ಹೊಸಬ ಇಡೀ ಮನೆಗೆ ಕೆನೆಬಣ್ಣ ಹಾಕಿಬಿಡೋಣ, ಲಕ್ಷಣವಾಗಿರುತ್ತದೆ ಎಂದ.

"ಉಳಿದಿದ್ದಕ್ಕೆ ಏನಾದ್ರೂ ಹಾಕಪ್ಪಾ," ಅಂದೆ. "ಬುರುಜು ನಮ್ಮದಲ್ಲ. ಅದಕ್ಕೆ ನೀಲೀನೇ ಆಗ್ಬೇಕು."

ಹುಡುಗ ನನ್ನನ್ನೂ ಬುರುಜನ್ನೂ ಅನುಮಾನದಿಂದ ನೋಡಿ, ಏಣಿ ತರಲು ಹೋದ.